ಖಾಲಿ ಮುಷ್ಟಿಯ ಸೊಗಸು

ಜಾದೂ ಕಲಿಯಲು ಹೊರಟವರ ಕಾಲು ಮೊದಲು ಅಂಗಡಿಯ ಕಡೆಗೇ ಹೋಗುತ್ತದೆ. ಬಣ್ಣದ ಪೆಟ್ಟಿಗೆ, ಒಳಗೆ ಗುಟ್ಟಿನ ಜೇಬಿರುವ ಚೀಲ, ತುದಿಯಲ್ಲಿ ಹೂ ಅರಳುವ ಕೋಲು ಇವನ್ನೆಲ್ಲ ಕೊಂಡು ತಂದು, ನಾಲ್ಕು ಜನಕ್ಕೆ ತೋರಿಸಿ, ಆಮೇಲೆ ಅಟ್ಟಕ್ಕೆ ಹಾಕುವುದೇ ಹೆಚ್ಚು. ಅವು ಕೆಟ್ಟ ಸಾಮಾನುಗಳೇನಲ್ಲ. ಆದರೆ ಗುಟ್ಟೆಲ್ಲ ಪೆಟ್ಟಿಗೆಯಲ್ಲೇ ಇದ್ದರೆ ಕೈ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹೊಸಬರು ಯಾರೇ ಕೇಳಲಿ, ಹತ್ತು ರೂಪಾಯಿಯ ಒಂದು ನಾಣ್ಯ ಇಟ್ಟುಕೊಳ್ಳಿ ಎನ್ನುತ್ತೇನೆ. ಅದರ ಅಡ್ಡಗಲ 27 ಮಿಲಿಮೀಟರ್. ಈಗಿನ ಒಂದು ರೂಪಾಯಿಯ ಹಾಗೆ ಬೆರಳ ಸಂದಿಯಲ್ಲಿ ಕಳೆದುಹೋಗುವಷ್ಟು ಚಿಕ್ಕದಲ್ಲ. ಹಳದಿ ಬಳೆಯ ನಡುವೆ ಬಿಳಿ ಬಿಲ್ಲೆ ಕೂರಿಸಿರುವುದರಿಂದ ಎದುರಿಗೆ ಕೂತವರಿಗೆ ಚೆನ್ನಾಗಿ ಕಾಣುತ್ತದೆ. ಕಾಣಲೇಬೇಕು. ಕಣ್ಣಿಗೆ ಸರಿಯಾಗಿ ಬೀಳದ ವಸ್ತುವನ್ನು ಮಾಯ ಮಾಡಿದರೆ ಯಾರಿಗೇನು ಸ್ವಾರಸ್ಯ?

ಈ ನಾಣ್ಯದಲ್ಲಿ ಕಲಿಯಬೇಕಾದ ಮೊದಲ ಪಾಠಕ್ಕೆ ಫ್ರೆಂಚ್ ಡ್ರಾಪ್ ಎಂದು ಹೆಸರು. ಹೊಸಬರಿಗಾಗಿ ಬರೆದ ಪುಸ್ತಕಗಳಲ್ಲಿ ಸಲೀಸಾಗಿ ಸಿಗುವ ಪಾಠ ಇದು. ಇಲ್ಲಿ ಬಿಡಿಸಿ ಹೇಳಿದರೆ ಯಾವ ಕಲಾವಿದರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಎಡಗೈ ಅಂಗಾತ. ಹೆಬ್ಬೆರಳ ತುದಿ ಒಂದು ಕಡೆಯಿಂದ, ನಡುಬೆರಳ ತುದಿ ಇನ್ನೊಂದು ಕಡೆಯಿಂದ ನಾಣ್ಯದ ಅಂಚನ್ನು ಹಿಡಿದಿರುತ್ತವೆ. ಬಲಗೈ ಬರುತ್ತದೆ. ಅದರ ಹೆಬ್ಬೆರಳು ನಾಣ್ಯದ ಕೆಳಗೆ ನುಸುಳುತ್ತದೆ, ಉಳಿದ ಬೆರಳುಗಳು ಮೇಲಿನಿಂದ ಮುಚ್ಚುತ್ತವೆ. ಮುಚ್ಚಿದ ಕ್ಷಣದಲ್ಲೇ ಎಡ ಹೆಬ್ಬೆರಳು ಒಂದಿಷ್ಟು ಸಡಿಲವಾಗುತ್ತದೆ. ನಾಣ್ಯ ತನ್ನ ಭಾರಕ್ಕೆ ತಾನೇ ಎಡಗೈ ಬೆರಳುಗಳ ಬುಡಕ್ಕೆ ಬೀಳುತ್ತದೆ. ಬಲಗೈ ನಾಣ್ಯ ಹಿಡಿದಂತೆ ಮುಷ್ಟಿ ಕಟ್ಟಿಕೊಂಡು ಅತ್ತ ಸರಿಯುತ್ತದೆ. ಇಷ್ಟನ್ನು ಓದುವುದಕ್ಕೆ ಹಿಡಿದ ಹೊತ್ತೂ ಮಾಡುವುದಕ್ಕೆ ಬೇಡ.

ಗುಟ್ಟು ಕೇಳಿದವರೆಲ್ಲ ಮೊದಲು ಆಡುವ ಮಾತು ‘ಇಷ್ಟೇನಾ?’ ರೋಮಿನ ತತ್ತ್ವಜ್ಞಾನಿ ಸೆನೆಕಾ, ಕ್ರಿಸ್ತಶಕದ ಮೊದಲ ಶತಮಾನದಲ್ಲಿ, ಗೆಳೆಯ ಲೂಸಿಲಿಯಸ್‌ಗೆ ಬರೆದ ಕಾಗದವೊಂದರಲ್ಲಿ ಬಟ್ಟಲು ಮತ್ತು ಹರಳುಗಳ ಆಟದ ಪ್ರಸ್ತಾಪ ಮಾಡುತ್ತಾನೆ. ಆ ಆಟದಲ್ಲಿ ಮರುಳಾಗುವುದೇ ಸುಖ, ಹೇಗೆ ಮಾಡಿದರೆಂದು ತಿಳಿದ ಮೇಲೆ ಅದರಲ್ಲಿ ಆಸಕ್ತಿಯೇ ಉಳಿಯುವುದಿಲ್ಲ ಎಂಬುದು ಅವನ ಅಭಿಪ್ರಾಯ. ಅವನು ನೋಡುವವನಾಗಿ ಹೇಳಿದ. ಕಲಿಯುವವನಾಗಿ ಒಮ್ಮೆ ನಾಣ್ಯ ಹಿಡಿದಿದ್ದರೆ ಬೇರೆಯೇ ಹೇಳುತ್ತಿದ್ದನೇನೋ. ನನ್ನ ಮಟ್ಟಿಗೆ ಹೇಳುವುದಾದರೆ, ಗುಟ್ಟು ತಿಳಿದ ಮೇಲೇ ಈ ಕಲೆಯ ರುಚಿ ಹತ್ತಿದ್ದು. ಗುಟ್ಟು ಬರೀ ಬಾಗಿಲು, ಮನೆ ಒಳಗಿದೆ.

ಸುಳ್ಳು ಕೈಯನ್ನು ಕಲಿಯುವುದಕ್ಕೆ ಮುಂಚೆ ನಿಜದ ಕೈಯನ್ನು ನೋಡಬೇಕು. ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು. ಮೋಸ ಗೀಸ ಏನೂ ಇಲ್ಲದೆ ಎಡಗೈಯಿಂದ ಬಲಗೈಗೆ ನಾಣ್ಯವನ್ನು ನಿಜವಾಗಿಯೇ ತೆಗೆದುಕೊಳ್ಳುವುದು, ಮತ್ತೆ ಮತ್ತೆ ತೆಗೆದುಕೊಂಡು ಏನೇನಾಗುತ್ತದೆ ಎಂದು ಗಮನಿಸುವುದು. ಹುಟ್ಟಿದಾಗಿನಿಂದ ಜೊತೆಗಿರುವ ಕೈಗಳು ಆಗ ಹೊಸದಾಗಿ ಕಾಣುತ್ತವೆ. ನಾಣ್ಯ ಹಿಡಿದ ಮುಷ್ಟಿ ಬಿಗಿಯಾಗಿರುವುದಿಲ್ಲ. ಒಳಗೊಂದು ಗಟ್ಟಿ ವಸ್ತುವಿಗೆ ಜಾಗ ಬಿಟ್ಟಂತೆ ತುಸು ಉಬ್ಬಿರುತ್ತದೆ. ಕೊಟ್ಟ ಕೈ ಕೊಟ್ಟ ಮರುಗಳಿಗೆಯೇ ತನ್ನ ಕೆಲಸ ಮರೆತು, ಬೆರಳುಗಳನ್ನು ಅರೆ ಮಡಿಸಿಕೊಂಡು ಇಳಿದುಬಿಡುತ್ತದೆ. ಕಣ್ಣು ತೆಗೆದುಕೊಂಡ ಕೈಯ ಹಿಂದೆಯೇ ಹೋಗುತ್ತದೆ. ಸುಳ್ಳು ಮಾಡುವಾಗ ಇದೆಲ್ಲ ಹಾಗೆಯೇ ಇರಬೇಕು. ಹೊಸಬರ ಎಡಗೈ ನಾಣ್ಯ ಬಚ್ಚಿಟ್ಟುಕೊಂಡ ಕೂಡಲೇ ಮರಗಟ್ಟಿ ನಿಂತುಬಿಡುತ್ತದೆ. ಕಿರುಬೆರಳು ಸೆಟೆದುಕೊಳ್ಳುತ್ತದೆ, ಕಣ್ಣು ಕದ್ದು ಕದ್ದು ಅತ್ತಲೇ ಓಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಎಂದು ಹಳಬರೆಲ್ಲ ಹೇಳುತ್ತಾರೆ. ಒಳ್ಳೆಯ ಮಾತೇ. ಆದರೆ ಕನ್ನಡಿಗೂ ಒಂದು ಮಿತಿಯಿದೆ. ಕಳ್ಳತನದ ಸರಿಯಾದ ಗಳಿಗೆಯಲ್ಲಿ ಕಲಿಯುವವರ ರೆಪ್ಪೆ ತನಗರಿವಿಲ್ಲದೆ ಮುಚ್ಚಿಕೊಳ್ಳುತ್ತದೆ. ನಾಣ್ಯ ಬೀಳುವುದನ್ನು ತಾವೇ ನೋಡಲಾರದವರಂತೆ ಕಣ್ಣು ಮಿಟುಕಿಸುತ್ತಾರೆ. ಕಣ್ಣು ಮುಚ್ಚಿದ್ದು ಕನ್ನಡಿಯಲ್ಲಿ ಕಾಣುವುದಾದರೂ ಹೇಗೆ? ಫೋನನ್ನು ಎದುರಿಗೆ ನಿಲ್ಲಿಸಿ ವಿಡಿಯೊ ಮಾಡಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ವಿಷಯ: ನಿಂತುಕೊಂಡು ಅಭ್ಯಾಸ ಮಾಡುವವರು ಹಾಸಿಗೆಯ ಪಕ್ಕದಲ್ಲಿ ನಿಲ್ಲಬೇಕು. ಮೊದಮೊದಲು ನಾಣ್ಯ ಕೈಗಿಂತ ನೆಲವನ್ನೇ ಹೆಚ್ಚು ಇಷ್ಟಪಡುತ್ತದೆ. ಹಾಸಿಗೆಯ ಮೇಲೆ ಬಿದ್ದರೆ ಸದ್ದಿಲ್ಲ, ಮಂಚದ ಕೆಳಗೆ ತೂರಿ ಹುಡುಕುವ ಕಷ್ಟವೂ ಇಲ್ಲ.

ಕಣ್ಣಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಒಂದು ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿದು, ಮೂರನೆಯ ಸಲ ಎಸೆದಂತೆ ನಟಿಸಿ ಕೈಯಲ್ಲೇ ಉಳಿಸಿಕೊಂಡರೆ, ಚೆಂಡು ಮೇಲೆ ಹೋಗಿ ಗಾಳಿಯಲ್ಲೇ ಕರಗಿದ್ದನ್ನು ಕಂಡೆವು ಎಂದು ಬಹಳ ಜನ ಹೇಳುತ್ತಾರೆ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1900ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದರು. 2006ರಲ್ಲಿ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಇದನ್ನು ಮತ್ತೆ ಪರೀಕ್ಷಿಸಿದರು. ಜಾದೂಗಾರ ಇಲ್ಲದ ಚೆಂಡಿನ ಜೊತೆ ತನ್ನ ನೋಟವನ್ನೂ ಮೇಲಕ್ಕೆ ಕಳಿಸಿದಾಗ ನೋಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಚೆಂಡು ಮೇಲೆ ಹೋದದ್ದು ‘ಕಂಡಿತು’. ಅವನು ಕೈಯನ್ನೇ ನೋಡುತ್ತಿದ್ದಾಗ ಹಾಗೆ ಕಂಡವರು ಮೂರನೆಯ ಒಂದು ಪಾಲಿಗಿಂತ ಹೆಚ್ಚಿರಲಿಲ್ಲ. ಅಂದರೆ ಮಾಯ ಮಾಡಿದ್ದು ಬೆರಳಲ್ಲ, ಮುಖ. ನಾಣ್ಯದ ಪಾಠಕ್ಕೂ ಇದೇ ಮಾತು. ಖಾಲಿ ಮುಷ್ಟಿಯನ್ನು ಮಾಡುವವರು ಮನಸ್ಸಿಟ್ಟು ನೋಡಿದರೆ ಎದುರಿನವರೂ ನೋಡುತ್ತಾರೆ. ಬರೀ ನೋಡಿದಂತೆ ಮಾಡಿದರೆ ಸಾಲದು, ಅಲ್ಲಿ ನಾಣ್ಯವಿದೆ ಎಂದು ಆ ಒಂದು ಗಳಿಗೆಯ ಮಟ್ಟಿಗೆ ನಂಬಬೇಕು. ನಟರು ಇದನ್ನು ಬೇಗ ಹಿಡಿಯುತ್ತಾರೆ.

ಮುಷ್ಟಿಯನ್ನು ಯಾವಾಗ ಬಿಚ್ಚಬೇಕು? ಕಟ್ಟಿದ ಕೂಡಲೇ ಬಿಚ್ಚಿದರೆ, ನೋಡಿದವರ ಮನಸ್ಸು ಹಿಂದಿನ ಚಲನೆಗೇ ಹಾರಿ ‘ಆ ಕೈಯಲ್ಲಿದೆ’ ಎಂದುಬಿಡುತ್ತದೆ. ನಡುವೆ ಒಂದು ಮಾತು, ಒಂದು ಉಸಿರು, ಒಂದು ಪ್ರಶ್ನೆ ಬೇಕು. ಮ್ಯಾಡ್ರಿಡ್‌ನಲ್ಲಿ ವಕೀಲರಾಗಿದ್ದುಕೊಂಡೇ ಈ ಕಲೆಯ ಬಗ್ಗೆ ಆಳವಾಗಿ ಚಿಂತಿಸಿದ ಆರ್ತುರೊ ದೆ ಅಸ್ಕಾನಿಯೊ (1929–1997) ಇದನ್ನು ಮರೆವಿನ ಆವರಣ ಎಂದು ಕರೆದರು. ಕಾರಣಕ್ಕೂ ಫಲಕ್ಕೂ ನಡುವೆ, ಕಾರಣ ಮರೆತುಹೋಗುವಷ್ಟು ತೆರಪು. ಆ ತೆರಪಿನಲ್ಲಿ ಮುಷ್ಟಿ ಮುಚ್ಚಿಯೇ ಇರುತ್ತದೆ, ಎಲ್ಲರಿಗೂ ಅದರಲ್ಲಿ ನಾಣ್ಯವಿದೆ, ಮಾಡುವವರೊಬ್ಬರಿಗೇ ಇಲ್ಲ. ಇಷ್ಟು ಚೆಂದದ ಏಕಾಂತ ಬೇರೆ ಯಾವ ಕಲೆಯಲ್ಲಿ ಸಿಗುತ್ತದೋ ನಾನರಿಯೆ.

ನಮ್ಮ ಪೂರ್ವಿಕರು ಈ ಸುಖವನ್ನು ರಸಗಳ ಸಾಲಿನಲ್ಲೇ ಕೂರಿಸಿದ್ದಾರೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅದ್ಭುತ ರಸಕ್ಕೆ ವಿಸ್ಮಯವೇ ಸ್ಥಾಯಿ. ಅದನ್ನು ಹುಟ್ಟಿಸುವ ವಿಭಾವಗಳಲ್ಲಿ ದೇವತಾ ದರ್ಶನ, ಬಯಸಿದ್ದು ಕೈಗೂಡುವುದು ಮುಂತಾದವುಗಳ ಜೊತೆ ಮಾಯೆಯೂ ಇಂದ್ರಜಾಲವೂ ಇವೆ. ಕಣ್ಣರಳುವುದು, ಎವೆಯಿಕ್ಕದೆ ನೋಡುವುದು, ಮೈ ನವಿರೇಳುವುದು ಅದರ ಅನುಭಾವಗಳು. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ಯ ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನೊಬ್ಬ ಅಂತಃಪುರಕ್ಕೇ ಬೆಂಕಿ ಬಿದ್ದಂತೆ ತೋರಿಸಿ ಕಥೆಯನ್ನು ದಡ ಸೇರಿಸುತ್ತಾನೆ. ಒಂದು ರಸದ ವಿಭಾವವಾಗುವ ಯೋಗ್ಯತೆ ಇದಕ್ಕಿದೆ ಎಂದ ಮೇಲೆ ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಸರಿ ಎಂದು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ.

ಚಿಕ್ಕಂದಿನಲ್ಲಿ ಸಂತೆಯಲ್ಲಿ ನೋಡಿದ ಗಾರುಡಿಗರ ಆಟ ನನಗೆ ಅರ್ಥವಾದದ್ದು ನಾಣ್ಯದ ಪಾಠ ಕೈಗೆ ಹತ್ತಿದ ಮೇಲೆ. ಗೋಣಿತಾಟಿನ ಮೇಲೆ ಚಕ್ಕಳಮಕ್ಕಳ ಕೂತವನ ಮುಂದೆ ಮೂರು ಬಟ್ಟಲು, ಬಟ್ಟೆ ಸುತ್ತಿ ಹೊಲಿದ ಪುಟ್ಟ ಚೆಂಡುಗಳು. ಪಾಶ್ಚಾತ್ಯರ ಬಟ್ಟಲುಗಳು ಲೋಟದಂತೆ ಎತ್ತರ. ನಮ್ಮವು ಗಿಡ್ಡ, ತಲೆಯ ಮೇಲೊಂದು ಗುಂಡಿಯಂಥ ಹಿಡಿ. ಆ ಹಿಡಿಯನ್ನು ಬೆರಳುಗಳ ನಡುವೆ ಸಿಕ್ಕಿಸಿ ಬಟ್ಟಲನ್ನು ಎತ್ತಿಡುವ ಕೈಯಲ್ಲೇ ಚೆಂಡೂ ಅಡಗಿರುತ್ತದೆ. ಬಟ್ಟಲು ನೆಲ ಮುಟ್ಟುವ ಗಳಿಗೆಯಲ್ಲೇ ಚೆಂಡು ಒಳಗೆ. ಮೇಜಿಲ್ಲ, ಪರದೆಯಿಲ್ಲ, ಬೆಳಕಿನ ಏರ್ಪಾಡಿಲ್ಲ, ಜನ ಸುತ್ತ ಮೂರು ಕಡೆಯೂ ಮುತ್ತಿಕೊಂಡಿರುತ್ತಾರೆ. ಬಾಯಲ್ಲಿ ಮಾತು ಒಂದೇ ಸಮನೆ ಹರಿಯುತ್ತಿರುತ್ತದೆ. ಮಾತಿಗೆ ನಗು ಬಂದಾಗಲೆಲ್ಲ ಚೆಂಡು ಜಾಗ ಬದಲಿಸುತ್ತದೆ. ಅಂದು ಚೆಂಡನ್ನು ಹುಡುಕುತ್ತಿದ್ದೆ. ಇಂದು ಅಂಥ ಆಟ ಸಿಕ್ಕಿದರೆ ಮಣಿಕಟ್ಟನ್ನು ನೋಡುತ್ತೇನೆ, ಹಾಗೆ ನೋಡುವುದನ್ನೂ ಮರೆತು ಮತ್ತೆ ಮರುಳಾಗುತ್ತೇನೆ. ಉಡುಪಿಯ ಪ್ರೊ. ಶಂಕರ್, ಮಂಗಳೂರಿನ ಕುದ್ರೋಳಿ ಗಣೇಶ್ ಅವರಂಥವರ ವೇದಿಕೆಯ ಪ್ರದರ್ಶನಗಳಿಗೆ ಹೋಗುವವರು ಒಂದು ಕೈಚಳಕವನ್ನಾದರೂ ಕಲಿತು ಹೋದರೆ ಒಳ್ಳೆಯದು. ನಾಲ್ಕು ಸರಳೆ ವರಸೆ ಹಾಡಿದವರು ಕಛೇರಿ ಕೇಳುವ ಬಗೆಯೇ ಬೇರೆ.

ಸೆನೆಕಾನಿಗೆ ನಾನು ತೋರಿಸಬೇಕೆಂದಿರುವ ಇಬ್ಬರು ಇದ್ದಾರೆ. ಒಬ್ಬರು ಇಟಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಟೋನಿ ಸ್ಲೈಡಿನಿ. ಸಭಿಕರೊಬ್ಬರನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಅವರ ಮುಂದೆ ಕಾಗದದ ಉಂಡೆಗಳನ್ನು ಒಂದೊಂದಾಗಿ ಮಾಯ ಮಾಡುತ್ತಿದ್ದರು. ಉಂಡೆ ಹೋಗುತ್ತಿದ್ದುದು ಕೂತವರ ತಲೆಯ ಮೇಲಿಂದ ಹಿಂದಕ್ಕೆ. ಸಭೆಗೆಲ್ಲ ಅದು ಹಾರುವುದು ಕಾಣುತ್ತದೆ, ಕೂತವರಿಗೆ ಮಾತ್ರ ಕಾಣದು. ಗುಟ್ಟು ಬಟಾಬಯಲಾದ ಮೇಲೂ ಇಡೀ ಸಭೆ ಆನಂದಪಡುತ್ತದೆ. ಕೂತವರ ದೃಷ್ಟಿಯನ್ನು ಆ ಕೈಗಳು ಎಷ್ಟು ಮೆತ್ತಗೆ ಇತ್ತಿಂದತ್ತ ನಡೆಸುತ್ತವೆ ಎಂಬುದೇ ಅಲ್ಲಿ ನೋಡುವಂಥದ್ದು. ಇನ್ನೊಬ್ಬರು ಅರ್ಜೆಂಟೀನಾದ ರೆನೆ ಲವಾಂದ್ (1928–2015). ಒಂಬತ್ತನೆಯ ವಯಸ್ಸಿನಲ್ಲಿ ಬಲಗೈ ಕಳೆದುಕೊಂಡವರು. ಉಳಿದ ಎಡಗೈಯೊಂದರಲ್ಲೇ ಇಸ್ಪೀಟೆಲೆ ಕಲಸುವುದನ್ನೂ ಹಂಚುವುದನ್ನೂ ಮಾಡಿದರು. ಬ್ರೆಡ್ಡಿನ ಮೂರು ಚೂರು, ಒಂದು ಕಪ್ಪು. ಎರಡು ಚೂರು ಕಪ್ಪಿಗೆ, ಒಂದು ಹೊರಗೆ. ಕಪ್ಪು ಬೋರಲು ಹಾಕಿದರೆ ಮೂರು. ಮತ್ತೆ ಮಾಡುತ್ತಾರೆ, ಮೊದಲಿಗಿಂತ ನಿಧಾನವಾಗಿ. ಇನ್ನೂ ನಿಧಾನ. ಇದಕ್ಕಿಂತ ನಿಧಾನವಾಗಿ ಮಾಡಲು ಸಾಧ್ಯವಿಲ್ಲ ಎಂಬುದು ಅವರ ಹೆಸರಿನೊಂದಿಗೇ ಅಂಟಿಕೊಂಡ ಮಾತು. ಕೈಚಳಕವೆಂದರೆ ಕಣ್ಣಿಗಿಂತ ಕೈ ವೇಗವಾಗಿರುವುದು ಎಂದು ನಂಬಿದವರು ಅವರನ್ನು ನೋಡಬೇಕು. ಕೈ ಎಂದೂ ಕಣ್ಣನ್ನು ಓಟದಲ್ಲಿ ಗೆಲ್ಲುವುದಿಲ್ಲ.

ಮೊದಲ ಪ್ರೇಕ್ಷಕರು ಮನೆಯವರೇ ಆಗಿರುತ್ತಾರೆ, ಅವರೇ ಅತಿ ಕಠಿಣರು. ಅಣ್ಣನ ಮಗಳ ಮುಂದೆ ನಾಣ್ಯ ಮಾಯವಾದಾಗ ಅವಳು ಮೊದಲು ನನ್ನ ಖಾಲಿ ಅಂಗೈಯನ್ನು ತನ್ನ ಬೆರಳಿನಿಂದ ಒತ್ತಿ ನೋಡಿದಳು, ಚರ್ಮದ ಕೆಳಗೆ ಹೋಗಿದೆಯೇನೋ ಎಂಬಂತೆ. ಆಮೇಲೆ ‘ಚಿಕ್ಕಪ್ಪಾ, ಇನ್ನೊಂದ್ಸಲ!’ ಇದು ಹೊಸಬರಿಗೆ ಎದುರಾಗುವ ಅತಿ ಸಿಹಿಯಾದ ಅಪಾಯ. ಮೊದಲ ಸಲ ಅವಳಿಗೆ ಏನಾಗಲಿದೆ ಎಂದು ಗೊತ್ತಿರಲಿಲ್ಲ. ಎರಡನೆಯ ಸಲ ಗೊತ್ತಿರುತ್ತದೆ, ಎಡಗೈಯನ್ನೇ ನೋಡುತ್ತಾಳೆ. ಒಲ್ಲೆ ಎಂದು ಮುಖ ಗಂಟಿಕ್ಕಬಾರದು, ಮತ್ತೆ ಅದನ್ನೇ ಮಾಡಲೂಬಾರದು. ಅವಳ ಕಿವಿಯ ಹಿಂದಿನಿಂದ ನಾಣ್ಯ ತೆಗೆದುಕೊಟ್ಟರೆ ‘ಇನ್ನೊಂದ್ಸಲ’ ಮರೆತೇ ಹೋಗುತ್ತದೆ.

ನಾಣ್ಯ ಪಳಗಿದ ಮೇಲೆ ದಾರಿ ತಾನೇ ಕವಲೊಡೆಯುತ್ತದೆ. ನಾಣ್ಯದಲ್ಲೇ ಮುಂದುವರಿಯುವವರಿಗೆ ಜೆ.ಬಿ. ಬೋಬೊ 1952ರಲ್ಲಿ ಪ್ರಕಟಿಸಿದ ‘ಮಾಡರ್ನ್ ಕಾಯಿನ್ ಮ್ಯಾಜಿಕ್’ ಇದೆ. ಇಸ್ಪೀಟಿಗೆ ಹೋಗುವವರಿಗೆ ಹ್ಯುಗಾರ್ಡ್ ಮತ್ತು ಬ್ರೌವಿ ಬರೆದ ‘ದ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’. ಇಸ್ಪೀಟಿನಲ್ಲಿ ಕೈಗೆ ಕೆಲಸವೇ ಇಲ್ಲದ, ಲೆಕ್ಕದಿಂದಲೇ ನಡೆಯುವ ಆಟಗಳೂ ಇವೆ. ಇಪ್ಪತ್ತೊಂದು ಎಲೆಯ ಆಟ ಯಾರಿಗೆ ಗೊತ್ತಿಲ್ಲ? ಅವನ್ನು ಕಡೆಗಣಿಸಬಾರದು. ಕೈ ಬಿಡುವಾಗಿರುವುದರಿಂದ ಮಾತಾಡುವುದನ್ನು ಕಲಿಯುವುದಕ್ಕೆ ಅವು ಬಲು ಒಳ್ಳೆಯವು. ಕೈಗೆ ಕೆಲಸ ಹತ್ತಿದ ಮೇಲೆ, ಕಟ್ಟಿನ ನಡುವೆ ಹೋದ ಎಲೆ ಮತ್ತೆ ಮತ್ತೆ ಮೇಲಕ್ಕೇ ಬರುವ ಆಟ ಕಾದಿರುತ್ತದೆ. ಮೂರು ಸಲ ತೋರಿಸಿದರೆ ಯಾವ ಆಟದ ಗುಟ್ಟನ್ನೂ ಹೇಳಬಲ್ಲೆ ಎನ್ನುತ್ತಿದ್ದ ಹೌಡಿನಿಗೆ 1922ರಲ್ಲಿ ಷಿಕಾಗೊದಲ್ಲಿ ಡಾಯ್ ವರ್ನನ್ ತೋರಿಸಿದ್ದು ಇದನ್ನೇ. ಹೌಡಿನಿ ಮೂರು ಸಲಕ್ಕಿಂತಲೂ ಹೆಚ್ಚು ನೋಡಿದರು, ಗುಟ್ಟು ಸಿಗಲಿಲ್ಲ. ವರ್ನನ್ 98 ವರ್ಷ ಬದುಕಿದರು. ಹಾಲಿವುಡ್ಡಿನ ಮ್ಯಾಜಿಕ್ ಕ್ಯಾಸಲ್‌ನಲ್ಲಿ ಕೂತು ಬಂದ ಎಳೆಯರಿಗೆಲ್ಲ, ಕೈ ಸಹಜವಾಗಿರಲಿ ಎಂಬ ಒಂದೇ ಪಾಠವನ್ನು ನೂರು ಬಗೆಯಲ್ಲಿ ಹೇಳಿಕೊಟ್ಟರು. ತೀರ ಎಳವೆಯಲ್ಲೇ ಶುರು ಮಾಡಿದ್ದರೂ, ಬದುಕಿನ ಮೊದಲ ಆರು ವರ್ಷ ವ್ಯರ್ಥವಾಯಿತು ಎಂದು ಅವರು ಹೇಳಿಕೊಳ್ಳುತ್ತಿದ್ದರಂತೆ.