ತುಟಿ ತಾಗದ ಕನ್ನಡ

ಕಥಾ ಕಮ್ಮಟಗಳಲ್ಲಿ ಪದ ಕೊಟ್ಟು ಕಥೆ ಬರೆಸುವ ಆಟಕ್ಕೆ ದೊಡ್ಡ ಹೆಸರಿದೆ. ಕೊಡೆ, ಗಡಿಯಾರ, ರೈಲು, ಮಾವಿನಹಣ್ಣು, ಪತ್ರ: ಇವೆಲ್ಲ ಬರುವಂತೆ ಒಂದು ಕಥೆ ಬರೆಯಿರಿ ಎನ್ನುತ್ತಾರೆ. ಕಲ್ಪನೆ ಗರಿಗೆದರುತ್ತದಂತೆ. ನನಗೆ ಹಾಗೆನಿಸಿಲ್ಲ. ಕೊಟ್ಟ ಪದಗಳು ಗೂಟಗಳಾಗುತ್ತವೆ, ಬರೆಯುವವರು ತಮಗೆ ರೂಢಿಯಾದ ವಾಕ್ಯಗಳನ್ನೇ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಆಶುವಾಗಿ ಪದ್ಯ ಕಟ್ಟುವ ಅವಧಾನದ ದತ್ತಪದಿಯೂ ಪದ ಕೊಡುವ ಆಟವೇ. ಆದರೆ ಅಲ್ಲಿ ವಸ್ತುವನ್ನೂ ಸವಾಲು ಹಾಕುವ ಪೃಚ್ಛಕರೇ ಕೊಡುತ್ತಾರೆ, ಛಂದಸ್ಸಿನ ಬಿಗಿಯೂ ಇರುತ್ತದೆ, ಜಾರಿಕೊಳ್ಳಲು ದಾರಿಯಿಲ್ಲ. ರೇಮೋ ಕೆನೋ ಮತ್ತು ಫ್ರಾನ್ಸ್ವಾ ಲ ಲಿಯೊನೆ 1960ರಲ್ಲಿ ಕಟ್ಟಿದ ಫ್ರೆಂಚ್ ಬಳಗ ಊಲಿಪೊದಿಂದ ಬಂದ ಇನ್ನೊಂದು ಆಟವೂ ಇದೆ: ಪ್ರತಿ ನಾಮಪದದ ಜಾಗದಲ್ಲಿ ನಿಘಂಟಿನಲ್ಲಿ ಅದರ ಮುಂದಿನ ಏಳನೆಯ ನಾಮಪದವನ್ನು ಇಡುವುದು. ನಗು ಬರುತ್ತದೆ, ಅಷ್ಟೇ. ಕೆಲಸವೆಲ್ಲ ನಿಘಂಟಿನದು.

ನಿಜವಾದ ಕಸರತ್ತು ಕೊಡುವುದರಲ್ಲಿಲ್ಲ, ಕಿತ್ತುಕೊಳ್ಳುವುದರಲ್ಲಿದೆ. ತುಟಿ ತಾಗುವ ಅಕ್ಷರಗಳನ್ನು ಬಿಟ್ಟು ಬರೆಯುವ, ನಾವು ಮೂಲೆಗೆ ತಳ್ಳಿರುವ ನಿರೋಷ್ಠ್ಯವೇ ಇದಕ್ಕೆ ಸಾಕ್ಷಿ.

ದಂಡಿಯ ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತ ಓಷ್ಠ್ಯಾಕ್ಷರಗಳಿಲ್ಲದೆ ತನ್ನ ಕಥೆ ಹೇಳುತ್ತಾನೆ. ಪ್ರಿಯೆ ಕಚ್ಚಿದ ತುಟಿ ನೋಯುತ್ತಿದೆ, ಅದಕ್ಕೆ. ಇದನ್ನು ಪಾಂಡಿತ್ಯದ ಪ್ರದರ್ಶನ ಎಂದು ಬದಿಗಿಡುವವರು ಆ ಗಾಯವನ್ನು ಮರೆಯುತ್ತಾರೆ. ನಿಯಮ ಇಲ್ಲಿ ಕವಿಯ ಹಟವಾಗಿ ಉಳಿದಿಲ್ಲ, ಪಾತ್ರದ ಮೈಯೊಳಗೆ ಇಳಿದಿದೆ. ಕಥೆಯಲ್ಲಿ ಸುಖ ಎಲ್ಲೂ ಬಾಯಿಬಿಟ್ಟು ಹೇಳಿಕೊಳ್ಳಬೇಕಿಲ್ಲ. ಇಲ್ಲದ ಅಕ್ಷರಗಳೇ ಅದನ್ನು ಹೇಳುತ್ತಿವೆ.

ಕನ್ನಡದಲ್ಲಿ ಇದನ್ನೇ ಮಾಡಿ ನೋಡಬೇಕು. ಪ, ಫ, ಬ, ಭ, ಮ ಬಿಟ್ಟರೆ ಬರು, ಮಾಡು, ಮನೆ, ಮಳೆ, ಅಪ್ಪ, ಅಮ್ಮ ಹೋದವು. ವಕಾರವನ್ನೂ ಬಿಟ್ಟರೆ ಅವನು, ಅವಳು, ನಾವು, ನೀವು ಇಲ್ಲ. ಶಾಸ್ತ್ರದ ಪ್ರಕಾರ ಉ, ಊ, ಒ, ಓ, ಔಗಳಿಗೂ ತುಟಿ ಬೇಕು. ಅವನ್ನೂ ಬಿಟ್ಟಾಗ ಕನ್ನಡ ವಾಕ್ಯದ ಬುಡವೇ ಅಲುಗುತ್ತದೆ. ‘ನಾನು’ ಎನ್ನಲಾಗದು, ಆದರೆ ‘ನನ್ನ’, ‘ನನಗೆ’ ಉಳಿಯುತ್ತವೆ. ಬೇಕು, ಸಾಕು ಎರಡೂ ಹೋಗಿ ಇದೆ, ಇಲ್ಲಗಳು ನಿಲ್ಲುತ್ತವೆ. ಎಂದರೆ, ಮಾಡುವವನು ಹಿಂದೆ ಸರಿದು ಅನುಭವಿಸುವವನು ಮುಂದೆ ಬರುತ್ತಾನೆ. ‘ಅಮ್ಮ ಬಂದಳು, ನಾನು ಬಾಗಿಲು ತೆಗೆದೆ’ ಎಂಬ ಸಾದಾ ವಾಕ್ಯ ಈ ನಿಯಮದಡಿ ಹೀಗಾಗಬಹುದು: ‘ಕದ ತೆರೆದೆ. ಅಲ್ಲಿ ತಾಯಿ. ಕಣ್ಣಲ್ಲಿ ನೀರಿಲ್ಲ, ಕೈಯಲ್ಲಿ ಗಂಟಿದೆ. ನನಗೆ ಚಳಿ.’ ಅಮ್ಮ ತಾಯಿಯಾದೊಡನೆ ಒಂದು ದೂರ ಹುಟ್ಟಿತು. ಬರುವ ಕ್ರಿಯೆ ಸಿಗದಿದ್ದರಿಂದ ಅವಳು ಆಗಲೇ ಬಂದು ನಿಂತಿದ್ದಾಳೆ, ಎಷ್ಟು ಹೊತ್ತಿನಿಂದಲೋ. ಗಂಟು ಬಂದದ್ದು ಪೆಟ್ಟಿಗೆ, ಬುಟ್ಟಿ ಎರಡನ್ನೂ ಬಳಸುವಂತಿಲ್ಲವೆಂದು. ಬಂದಮೇಲೆ ಮಾತ್ರ ಅದರೊಳಗೆ ಏನಿದೆ ಎಂಬ ಕಥೆ ತೆರೆದುಕೊಳ್ಳುತ್ತದೆ. ಐದು ಪದಗಳ ಆಟದಲ್ಲಿ ಇಂಥದ್ದು ನಡೆಯುವುದಿಲ್ಲ, ಏಕೆಂದರೆ ಅದು ವಾಕ್ಯದ ತಂಟೆಗೇ ಹೋಗುವುದಿಲ್ಲ.

ನಿರೋಷ್ಠ್ಯವೂ ಸೇರುವ ಚಿತ್ರಕಾವ್ಯದಲ್ಲಿ ಜಳ್ಳು ಬಹಳ, ಒಪ್ಪುತ್ತೇನೆ. ಚಕ್ರಬಂಧ, ಪದ್ಮಬಂಧಗಳಲ್ಲಿ ಹೆಚ್ಚಿನವು ಕಣ್ಣಿಗೆ ಚಿತ್ರವಾಗಿ ಮುಗಿಯುತ್ತವೆ. ಆದರೆ ಈ ಬಗೆಯನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವ ವಿಮರ್ಶಕರು ಆನಂದವರ್ಧನನ ಹೆಸರು ಹೇಳುವಾಗ ಅರ್ಧವನ್ನಷ್ಟೇ ಹೇಳುತ್ತಾರೆ. ಚಿತ್ರ ಮುಖ್ಯ ಕಾವ್ಯವಲ್ಲ, ಕಾವ್ಯದ ಅನುಕರಣೆ ಎಂದವನು ಅವನೇ, ನಿಜ. ಅಭ್ಯಾಸ ಮಾಡುವ ಹೊಸಬರು ಅದನ್ನು ಬಳಸಿಕೊಳ್ಳಲಿ ಎಂದು ತನ್ನ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಒಪ್ಪಿಕೊಂಡವನೂ ಅವನೇ. ಕಮ್ಮಟಗಳಿಗೆ ಇದಕ್ಕಿಂತ ದೊಡ್ಡ ಅನುಮತಿ ಬೇಕೆ?

ಪಳಗಿದವರಿಗೆ ಧ್ವನಿ, ಅಂದರೆ ಹೇಳದೆ ಸೂಚಿಸುವ ಅರ್ಥ, ಅದೊಂದೇ ಕಾವ್ಯ ಎಂದು ಅವನು ಎಳೆದ ಗೆರೆಯನ್ನು ಮಾತ್ರ ನಾನು ಒಪ್ಪಲಾರೆ. ಅವನಿಗಿಂತ ಮುಂಚಿನ ದಂಡಿ ಹೊಸಬನಲ್ಲ. ಊಲಿಪೊದ ಜಾರ್ಜ್ ಪೆರೆಕ್ 1969ರಲ್ಲಿ ಫ್ರೆಂಚಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ವರವಾದ ‘e’ ಅಕ್ಷರವನ್ನು ಒಮ್ಮೆಯೂ ಬಳಸದೆ ಇಡೀ ಕಾದಂಬರಿ ಬರೆದ. ಅವನ ತಂದೆ 1940ರಲ್ಲಿ ಯುದ್ಧದಲ್ಲಿ ಸತ್ತಿದ್ದರು, ತಾಯಿಯನ್ನು 1943ರಲ್ಲಿ ಆಷ್‌ವಿಟ್ಜ್‌ಗೆ ಸಾಗಿಸಲಾಗಿತ್ತು. ತಂದೆ, ತಾಯಿ ಎನ್ನುವ ಫ್ರೆಂಚ್ ಪದಗಳೆರಡಕ್ಕೂ ಆ ಅಕ್ಷರ ಬೇಕು. ಕಾದಂಬರಿಯಲ್ಲಿ ಆ ಪದಗಳು ಬರುವಂತೆಯೇ ಇಲ್ಲ. ಇದು ಧ್ವನಿಯಲ್ಲದಿದ್ದರೆ ಆ ಮಾತನ್ನು ನಾವು ಯಾವುದಕ್ಕೆ ಉಳಿಸಿಕೊಂಡಿದ್ದೇವೆ?