ಸತ್ತವನನ್ನು ಎಬ್ಬಿಸಲು ವೈದ್ಯನ ಫೀಸು ಎಷ್ಟು?

ಮಮ್ಮರ್ ಆಟದ ಕತೆಯನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಮುಗಿಸಬಹುದು. ಕ್ರಿಸ್‌ಮಸ್ ತಾತ ಬಂದು ಆಟಕ್ಕೆ ಜಾಗ ಬಿಡಿಸುತ್ತಾನೆ. ಸೇಂಟ್ ಜಾರ್ಜ್ ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಟರ್ಕಿಯ ಯೋಧ ಸವಾಲು ಹಾಕುತ್ತಾನೆ. ಮರದ ಕತ್ತಿಗಳು ನಾಲ್ಕಾರು ಸಲ ತಾಗುತ್ತವೆ, ಒಬ್ಬ ಸಾಯುತ್ತಾನೆ. ವೈದ್ಯನನ್ನು ಕರೆಸುತ್ತಾರೆ. ಅವನು ಸೀಸೆಯಿಂದ ಒಂದೆರಡು ಹನಿ ಹಾಕಿದೊಡನೆ ಹೆಣ ಎದ್ದು ಕೂರುತ್ತದೆ. ಕೊನೆಗೆ ದೊಣ್ಣೆ, ಬಾಣಲೆ ಹಿಡಿದ ಬೀಲ್ಝೆಬಬ್ ಮತ್ತು ಪೊರಕೆ ಹಿಡಿದ ಮರಿ ದೆವ್ವ ಬಂದು ನೋಡುಗರ ಮುಂದೆ ಕೈಚಾಚುತ್ತಾರೆ. ಊರಿಂದ ಊರಿಗೆ ಪಾತ್ರಗಳ ಹೆಸರು ಬದಲಾಗುತ್ತದೆ, ಮಾತು ಕೂಡುತ್ತದೆ, ಉದುರುತ್ತದೆ. ಬೆನ್ನೆಲುಬು ಮಾತ್ರ ಅದೇ.

ಇವತ್ತು ಬ್ರಿಟನ್ನಿನಲ್ಲಿ ಈ ಆಟವನ್ನು ಉಳಿಸಿಕೊಂಡಿರುವವರಲ್ಲಿ ಮಾರಿಸ್ ತಂಡಗಳದ್ದು ದೊಡ್ಡ ಪಾಲು. ಕಾಲಿಗೆ ಗೆಜ್ಜೆ ಕಟ್ಟಿ, ಕೋಲು ಅಥವಾ ಕರವಸ್ತ್ರ ಹಿಡಿದು ಕುಣಿಯುವ ಹವ್ಯಾಸಿಗಳ ಗುಂಪುಗಳಿವು. ವೇಲ್ಸ್‌ನ ಮಾರಿಸ್ ಕುಣಿತಗಾರರು ಡಿಸೆಂಬರಿನ ಚಳಿಯಲ್ಲಿ ಪಬ್ಬಿನಿಂದ ಪಬ್ಬಿಗೆ ಹೋಗಿ ಆಟ ಆಡುತ್ತಾರೆ, ಬಂದ ಹಣವನ್ನು ಧರ್ಮಾರ್ಥ ಸಂಸ್ಥೆಗಳಿಗೆ ಕೊಡುತ್ತಾರೆ. ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿ ಮುಂದೆ ಹೋಗುವುದು ಸುಲಭ. ಆದರೆ ಹಣ ಎತ್ತುವ ಉದ್ದೇಶ ಬದಲಾದಾಗ ಆಟದ ಅರ್ಥವೂ ಬದಲಾಗುತ್ತದೆಯೇ? ಬದಲಾಗುತ್ತದೆ. ಏಕೆಂದರೆ ಈ ನಾಟಕದ ಹೃದಯ ಕತ್ತಿಯಲ್ಲಾಗಲೀ ಪುನರ್ಜನ್ಮದಲ್ಲಾಗಲೀ ಇಲ್ಲ, ಹಣದ ಚೀಲದಲ್ಲಿದೆ.

ವಿದ್ವಾಂಸರು ಬಹುಕಾಲ ಹೀಗೆ ಯೋಚಿಸಲಿಲ್ಲ. ಫ್ರೇಜರನ 'ದಿ ಗೋಲ್ಡನ್ ಬೋ' 1890ರಲ್ಲಿ ಬಂದ ಮೇಲೆ ಸತ್ತು ಏಳುವ ಯಾವ ಪಾತ್ರ ಕಂಡರೂ ಅದು ಚಳಿಗಾಲದಲ್ಲಿ ಸತ್ತು ವಸಂತದಲ್ಲಿ ಮರಳುವ ಸಸ್ಯದೇವತೆಯಾಗಿಬಿಡುತ್ತಿತ್ತು. ಇ. ಕೆ. ಚೇಂಬರ್ಸ್ 1903ರ 'ದಿ ಮೀಡಿಈವಲ್ ಸ್ಟೇಜ್' ಕೃತಿಯಲ್ಲಿ ಇದೇ ಜಾಡು ಹಿಡಿದರು. ತೊಡಕು ಒಂದೇ: ಇಂಥ ಆಟದ ಪೂರ್ಣ ಪಠ್ಯ 18ನೇ ಶತಮಾನಕ್ಕಿಂತ ಹಿಂದಿನದು ಒಂದೂ ಸಿಕ್ಕಿಲ್ಲ. ರೊನಾಲ್ಡ್ ಹಟನ್, ಪೀಟರ್ ಮಿಲಿಂಗ್ಟನ್ ಅವರಂಥ ಈಚಿನ ವಿದ್ವಾಂಸರು ಆದಿಮ ಆಚರಣೆಯ ಕಲ್ಪನೆಯನ್ನು ಪಕ್ಕಕ್ಕಿಟ್ಟು, ಆಟವನ್ನು ಅದು ದಾಖಲಾದ ಕಾಲದ ಬದುಕಿನೊಳಗೆ ಇಟ್ಟು ನೋಡಿದ್ದಾರೆ. ಹಾಗೆ ನೋಡಿದಾಗ ವೈದ್ಯ ಬೇರೆಯಾಗಿ ಕಾಣುತ್ತಾನೆ. ಅವನು ಮಾಂತ್ರಿಕನಲ್ಲ. 18ನೇ ಶತಮಾನದ ಸಂತೆಗಳಲ್ಲಿ ವೇದಿಕೆ ಹಾಕಿ, ಪಕ್ಕದಲ್ಲೊಬ್ಬ ವಿದೂಷಕನನ್ನು ನಿಲ್ಲಿಸಿಕೊಂಡು ಸರ್ವರೋಗ ನಿವಾರಕ ಮಾರುತ್ತಿದ್ದ ನಕಲಿ ವೈದ್ಯನ ಅಣಕು. ತಾನು ಸುತ್ತಿದ ದೇಶಗಳ ಪಟ್ಟಿ ಕೊಡುತ್ತಾನೆ, ಗುಣಪಡಿಸಿದ ರೋಗಗಳನ್ನು ಪ್ರಾಸ ಕಟ್ಟಿ ಹೇಳುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿಕಿತ್ಸೆಗೆ ಮೊದಲು ಚೌಕಾಸಿ ಮಾಡುತ್ತಾನೆ. ನೆಲದ ಮೇಲೆ ಹೆಣ ಬಿದ್ದಿರುತ್ತದೆ, ಅದರ ತಲೆಯ ಮೇಲೆ ಫೀಸಿನ ಮಾತುಕತೆ ನಡೆಯುತ್ತದೆ. ಜನ ನಗುವುದು ಇಲ್ಲಿ.

ಆ ನಗುವಿನ ಹಿಂದೆ ಇದ್ದವರು ಬಡವರು. ಈ ಆಟಗಳನ್ನು ಆಡುತ್ತಿದ್ದವರು ಹೆಚ್ಚಾಗಿ ಕೂಲಿಯವರು, ಕುಶಲಕರ್ಮಿಗಳು, ಹುಡುಗರು. ಚಳಿಗಾಲದಲ್ಲಿ ಕೆಲಸ ನಿಂತಾಗ ಉಳ್ಳವರ ಮನೆಬಾಗಿಲಿಗೆ ಹೋಗಿ ಆಡಿ, ಕಾಸು, ಬಿಯರ್, ತಿಂಡಿ ಪಡೆಯುತ್ತಿದ್ದರು. ಮಾರಿಸ್ ಕುಣಿತದ ಚರಿತ್ರೆಯಲ್ಲೂ ಇದೇ ಗುರುತಿದೆ. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಸೆಸಿಲ್ ಶಾರ್ಪ್ ಮೊದಲ ಬಾರಿ ಮಾರಿಸ್ ಕಂಡದ್ದು ಜಾನಪದ ಪುನರುಜ್ಜೀವನದ ಪ್ರಸಿದ್ಧ ಗಳಿಗೆ. ಕುಣಿತಗಾರರು ಅಂದು ಹೊರಬಂದದ್ದು ತಮ್ಮ ವಾಡಿಕೆಯ ಕಾಲ ಬಿಟ್ಟು. ಚಳಿಗೆ ಕೆಲಸ ನಿಂತು ಕೈಯಲ್ಲಿ ಕಾಸಿರಲಿಲ್ಲ. ಅಕಾಲದ ಆ ಕುಣಿತಕ್ಕೆ ಕಾರಣ ಹಸಿವು. ಮುಖಕ್ಕೆ ಬಳಿದ ಮಸಿ, ಕಣ್ಣಮೇಲೆ ಇಳಿಬಿಟ್ಟ ಕಾಗದದ ಪಟ್ಟಿಗಳು ಕೂಡ ಬರೀ ಅಲಂಕಾರವಾಗಿರಲಿಲ್ಲ. ವೇಷದೊಳಗಿದ್ದವನು ನೆರೆಯವನ ಮುಂದೆ ಕೈಚಾಚಿದರೂ ಮರ್ಯಾದೆ ಉಳಿಯುತ್ತಿತ್ತು. ಕೇಳುತ್ತಿದ್ದವನು ಜಾನ್ ಅಲ್ಲ, ಬೀಲ್ಝೆಬಬ್.

ವೇಲ್ಸ್‌ಗೆ ಈ ಆಟ ಬಂದದ್ದು ಇಂಗ್ಲಿಷ್ ಭಾಷೆಯ ಬೆನ್ನಿಗೆ. ವೆಲ್ಷ್ ಭಾಷಿಕರ ಹಳ್ಳಿಗಳಲ್ಲಿ ಚಳಿಗಾಲದ ಮನೆಭೇಟಿ ಎಂದರೆ ಮಾರಿ ಲೂಯಿಡ್: ಕುದುರೆಯ ತಲೆಬುರುಡೆಗೆ ಬಿಳಿ ಬಟ್ಟೆ ಹೊದಿಸಿ, ಮನೆಯವರೊಂದಿಗೆ ಬಾಗಿಲ ಆಚೀಚೆ ಪದ್ಯದಲ್ಲಿ ವಾದಿಸಿ ಗೆದ್ದು ಒಳಬರುವ ಪದ್ಧತಿ. ಮಮ್ಮರ್ ಆಟ ಸಿಗುವುದು ಗವರ್ ಪರ್ಯಾಯದ್ವೀಪದಲ್ಲಿ, ದಕ್ಷಿಣ ಪೆಂಬ್ರೋಕ್‌ಶೈರ್‌ನಲ್ಲಿ. ಎರಡೂ ಶತಮಾನಗಳಿಂದ ಇಂಗ್ಲಿಷ್ ಮಾತಾಡುವ ಮೂಲೆಗಳು. ಟೆನ್‌ಬಿ ಪಟ್ಟಣದ ಆಟ 1858ರ ಪುಸ್ತಕವೊಂದರಲ್ಲಿ ಅಚ್ಚಾಗಿದೆ. ಅದರಲ್ಲಿ ಆಲಿವರ್ ಕ್ರಾಮ್‌ವೆಲ್ ಕೂಡ ಒಂದು ಪಾತ್ರ. ಅವನ ಸೇನೆ 1648ರಲ್ಲಿ ಮುತ್ತಿಗೆ ಹಾಕಿದ ಊರುಗಳಲ್ಲಿ ಟೆನ್‌ಬಿಯೂ ಒಂದು. ಇನ್ನೂರು ವರ್ಷದ ಬಳಿಕ ಹುಡುಗರು ಅವನನ್ನು ಅಡುಗೆಮನೆಗೆ ಕರೆತಂದು ನಗೆಪಾಟಲು ಮಾಡಿದರು. ಸೇಂಟ್ ಜಾರ್ಜನ ವಿಷಯದಲ್ಲೂ ಒಂದು ತಮಾಷೆಯಿದೆ. ಅವನು ಇಂಗ್ಲೆಂಡಿನ ಸಂತ, ಡ್ರ್ಯಾಗನ್ ಕೊಂದವನೆಂದು ಬಡಾಯಿ ಕೊಚ್ಚುವವನು. ವೇಲ್ಸ್‌ನ ಬಾವುಟದ ಮೇಲಿರುವುದು ಕೆಂಪು ಡ್ರ್ಯಾಗನ್. ವೇಲ್ಸ್‌ನ ಪಬ್ಬಿನಲ್ಲಿ ಅವನ ಪ್ರವೇಶಕ್ಕೆ ಜಯಕಾರಕ್ಕಿಂತ ಛೀಮಾರಿಯೇ ಸಹಜ. ಈ ಅವಕಾಶವನ್ನು ಬಳಸಿಕೊಳ್ಳದೆ ಇಂಗ್ಲಿಷ್ ಪಠ್ಯವನ್ನು ಹಾಗೇ ಒಪ್ಪಿಸುವ ತಂಡ ತನ್ನ ನೆಲವನ್ನೇ ಮರೆತಂತೆ.

ಟರ್ಕಿಯ ಯೋಧನದು ಇಷ್ಟು ಹಗುರವಾದ ವಿಷಯವಲ್ಲ. ಮಸಿ ಬಳಿಯುವುದು ಮರೆಮಾಚಲು ಮಾತ್ರ ಎಂದು ಮಾರಿಸ್ ಲೋಕ ಬಹುಕಾಲ ವಾದಿಸಿತು. 19ನೇ ಶತಮಾನದಲ್ಲಿ ಕಪ್ಪುಜನರನ್ನು ಅಣಕಿಸುತ್ತಿದ್ದ ಮಿನ್ಸ್ಟ್ರೆಲ್ ಪ್ರದರ್ಶನಗಳ ನೆರಳೂ ಅದರ ಮೇಲೆ ಬಿದ್ದಿತ್ತು ಎಂಬುದು ಎದುರುವಾದ. 2020ರಲ್ಲಿ ಮಾರಿಸ್ ತಂಡಗಳ ಮೂರು ಒಕ್ಕೂಟಗಳು ಇಡೀ ಮುಖಕ್ಕೆ ಕಪ್ಪು ಬಳಿಯುವುದನ್ನು ಕೈಬಿಡಲು ಒಟ್ಟಾಗಿ ನಿರ್ಧರಿಸಿದವು. ಸರಿಯಾದ ನಿರ್ಧಾರ. ಮುಖ ಮುಚ್ಚುವುದೇ ಗುರಿಯಾಗಿದ್ದರೆ ನೀಲಿ, ಹಸಿರು ಬಣ್ಣವೂ ಆದೀತು. ಇಷ್ಟಾಗಿಯೂ ಆಟದೊಳಗೆ ಒಂದು ಔದಾರ್ಯವಿದೆ. ಇಲ್ಲಿ ವೈರಿಯೂ ಶಾಶ್ವತವಾಗಿ ಸಾಯುವುದಿಲ್ಲ. ಕೊಂದವನೂ ಸತ್ತವನೂ ಕೊನೆಗೆ ಒಂದೇ ಸಾಲಿನಲ್ಲಿ ನಿಂತು ಒಂದೇ ಚೀಲಕ್ಕೆ ಹಣ ಕೇಳುತ್ತಾರೆ.

ಈಗ ಆ ಚೀಲದ ವಿಷಯ. ಥಾಮಸ್ ಹಾರ್ಡಿಯ 'ದಿ ರಿಟರ್ನ್ ಆಫ್ ದಿ ನೇಟಿವ್' (1878) ಕಾದಂಬರಿಯಲ್ಲಿ ಯೂಸ್ಟೇಸಿಯಾ ವೈ ಹುಡುಗನ ವೇಷ ತೊಟ್ಟು ಟರ್ಕಿಯ ಯೋಧನ ಪಾತ್ರ ಮಾಡುತ್ತಾಳೆ. ಅಲ್ಲಿ ಹಾರ್ಡಿ ಒಂದು ಸೂಕ್ಷ್ಮ ಗಮನಿಸುತ್ತಾನೆ: ಪುನರುಜ್ಜೀವಿಸಿದ ಆಟದಲ್ಲಿ ಉತ್ಸಾಹ ಉಕ್ಕುತ್ತದೆ, ನಿಜವಾಗಿ ಉಳಿದುಬಂದ ಆಟದಲ್ಲಿ ಆಡುವವರು ಭಾವವಿಲ್ಲದೆ, ಮಾಡಲೇಬೇಕಾದ ಕೆಲಸದಂತೆ ಆಡುತ್ತಾರೆ. ಈ ಒರೆಗಲ್ಲಿಗೆ ಹಚ್ಚಿದರೆ ಇಂದಿನ ಮಾರಿಸ್ ತಂಡಗಳದ್ದು ಖಂಡಿತ ಪುನರುಜ್ಜೀವನವೇ. ಆಡುವವರು ಸಂತೋಷಪಡುತ್ತಾರೆ, ಮಾತು ಮರೆತರೆ ಅದೂ ಒಂದು ಹಾಸ್ಯ. ಅವರಿಗೆ ಆ ಕಾಸು ಬೇಕಿಲ್ಲ. ಬೇರೆಯವರಿಗಾಗಿ ಕೇಳುವುದರಿಂದ ಕೇಳುವುದರಲ್ಲಿ ನಾಚಿಕೆಯೂ ಇಲ್ಲ. ವೇಷ ಈಗ ಯಾರ ಮಾನವನ್ನೂ ಮುಚ್ಚುತ್ತಿಲ್ಲ. ಪೊರಕೆಯ ದೆವ್ವ ಕಾಸು ಕೊಡದಿದ್ದರೆ ಗುಡಿಸಿಹಾಕುತ್ತೇನೆ ಎಂದು ಹೆದರಿಸುವಾಗ ಹಿಂದೆ ಇದ್ದ ಸಣ್ಣ ಅಳುಕು, ಬಡವ ಬಾಗಿಲಿಗೆ ಬಂದು ನಿಂತಿದ್ದಾನೆ ಎಂಬ ಅಳುಕು, ಈಗ ಇಲ್ಲ. ಇದು ನಷ್ಟ.

ಆದರೆ ವೇಲ್ಸ್‌ನಲ್ಲಿ ಈ ಆಟಕ್ಕೆ ಬೇರೊಂದು ಅರ್ಥ ಕೂಡಿಕೊಳ್ಳುತ್ತದೆ. ವೈದ್ಯನಿಗೆ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಹುಡುಕಿದ ನಾಡು ಅದು. ಟ್ರೆಡೀಗರ್ ಪಟ್ಟಣದ ಗಣಿ ಮತ್ತು ಉಕ್ಕಿನ ಕಾರ್ಮಿಕರು ವಾರದ ಕೂಲಿಯಿಂದ ಪೆನ್ಸ್ ಲೆಕ್ಕದಲ್ಲಿ ಕೂಡಿಸಿ, ಇಡೀ ಊರಿನ ಚಿಕಿತ್ಸೆಗೆ ಸಂಘ ಕಟ್ಟಿದ್ದರು. ಆ ಊರಿನ ಗಣಿ ಕಾರ್ಮಿಕ ಅನೈರಿನ್ ಬೆವನ್ ಮುಂದೆ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಬ್ರಿಟನ್ನಿನ ಎನ್‌ಎಚ್‌ಎಸ್ ಆರಂಭಿಸಿದ. ವೇಲ್ಸ್ 2007ರಲ್ಲಿ ಔಷಧ ಚೀಟಿಯ ಶುಲ್ಕವನ್ನೂ ರದ್ದುಮಾಡಿತು. ಅಂಥ ಕಡೆ ಹೆಣದ ಮೇಲೆ ನಿಂತು ಹತ್ತು ಪೌಂಡು ಕೇಳುವ ವೈದ್ಯ ಯಾವುದೋ ಹಳೇ ಕಾಲದ ಭೂತದಂತೆ ಕಾಣಬೇಕಿತ್ತು. ಕಾಣುವುದಿಲ್ಲ. ವೇಲ್ಸ್‌ನ ಏರ್ ಆಂಬುಲೆನ್ಸ್ 2001ರಿಂದ ಹಾರುತ್ತಿರುವುದು ಜನರ ದೇಣಿಗೆಯಿಂದ. ಒಳಗೆ ಕೂರುವ ವೈದ್ಯರು ಎನ್‌ಎಚ್‌ಎಸ್‌ನವರು, ಹೆಲಿಕಾಪ್ಟರ್ ಮಾತ್ರ ಡಬ್ಬಿಗೆ ಬಿದ್ದ ಕಾಸಿನದು. ಸಾಯುವವರನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳೂ ಬಹುಪಾಲು ದಾನವನ್ನು ನಂಬಿವೆ. ಸರ್ಕಾರದ ಕೈ ಮುಗಿಯುವ ಕಡೆ ಇವತ್ತಿಗೂ ಯಾರೋ ಒಬ್ಬರು ಡಬ್ಬಿ ಕುಲುಕಬೇಕು.

ಆದ್ದರಿಂದ ಧರ್ಮಾರ್ಥ ಪ್ರದರ್ಶನ ಆಟವನ್ನು ಹಾಳುಮಾಡಿತು ಎನ್ನಲಾಗದು. ಅದು ಆಟದ ಪ್ರಶ್ನೆಯನ್ನು ಸ್ಥಳಾಂತರಿಸಿದೆ. ಹಿಂದೆ ಹಸಿದವನು ತನಗಾಗಿ ಕೇಳುತ್ತಿದ್ದ, ವೈದ್ಯನ ದುರಾಸೆ ಅವನಿಗೆ ಎಟುಕದ ಲೋಕದ ಅಣಕವಾಗಿತ್ತು. ಈಗ ಹೊಟ್ಟೆ ತುಂಬಿದವನು ಊರಿಗಾಗಿ ಕೇಳುತ್ತಾನೆ. ಹಾಗಾಗಿ ವೈದ್ಯನ ಚೌಕಾಸಿಯನ್ನೂ ಚೀಲದ ಕುಲುಕಾಟವನ್ನೂ ಬೆಸೆಯುವುದು ತಂಡದ ಹೊಣೆ. ಸಮಯ ಸಾಲದೆಂದು ಫೀಸಿನ ಮಾತುಕತೆಯನ್ನು ಮೊಟಕು ಮಾಡಿ, ಕತ್ತಿಯ ಕಾಳಗವನ್ನು ಉದ್ದ ಎಳೆಯುವ ಪ್ರದರ್ಶನ ಬರೀ ಗದ್ದಲ. ಅದರ ಬದಲು ಹೆಣವನ್ನು ಇನ್ನಷ್ಟು ಹೊತ್ತು ನೆಲದ ಮೇಲೆ ಬಿಡಲಿ. ವೈದ್ಯ ನಿಧಾನವಾಗಿ ದರ ಹೇಳಲಿ. ಕೈಯಲ್ಲಿ ಬಿಯರ್ ಹಿಡಿದ ಜನ ನಗುತ್ತ ನಗುತ್ತ, ಇದರ ಬಿಲ್ಲು ತಮ್ಮ ಕಡೆಗೇ ಬರುತ್ತಿದೆ ಎಂದು ತಿಳಿಯಲಿ. ಆಮೇಲೆ ಪೊರಕೆಯ ದೆವ್ವ ಬರಲಿ.