ಫೋಟೊದಲ್ಲಿ ಕಾಣದ ಪಾಯ

ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು 2000ರಲ್ಲಿ ಸ್ಥಾಪಿತವಾದ ಮೇಲೆ ಕ್ರಮೇಣ ರೂಢಿಗೆ ಬಂದ ಹಂತವಾರು ಛಾಯಾಚಿತ್ರ ಪರಿಶೀಲನೆಯನ್ನು ಆಡಳಿತದ ಪಾರದರ್ಶಕತೆಗೆ ಮಾದರಿಯೆಂದು ಕೊಂಡಾಡುವ ಪರಿಪಾಠ ನಮ್ಮಲ್ಲಿ ಬೇರೂರಿದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳು, ಹಂತಕ್ಕೊಂದು ಜಿಪಿಎಸ್ ಫೋಟೊ, ಫೋಟೊಕ್ಕೊಂದು ಕಂತು: ಪಂಚಾಯತಿಯ ಬಾಗಿಲು ತಿರುಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟದ ಮನೆಗೆ ಬಿಲ್ಲೆತ್ತುವ ಚಾಳಿಗೆ ಇದರಿಂದ ಕಡಿವಾಣ ಬಿದ್ದಿತೆಂಬುದನ್ನು ಒಪ್ಪುತ್ತೇನೆ. ಆದರೆ ಮನೆ ಇದೆಯೆಂಬುದಕ್ಕೆ ಸಾಕ್ಷಿಯಾದ ಚಿತ್ರವು ಮನೆ ಬಾಳುವುದೆಂಬುದಕ್ಕೂ ಸಾಕ್ಷಿಯೆಂದು ಭಾವಿಸಿರುವುದೇ ಈ ಕೀರ್ತಿಯ ಮೂಲದಲ್ಲಿರುವ ಭ್ರಮೆ.

ಮೊದಲ ಹಂತದ ಚಿತ್ರವೊಂದನ್ನೇ ನಿಧಾನವಾಗಿ ನೋಡೋಣ. ಜೇವರ್ಗಿಯ ಎರೆಭೂಮಿಯಲ್ಲಿ ಮೊಣಕಾಲೆತ್ತರಕ್ಕೆ ಎದ್ದ ಕಲ್ಲಿನ ಕಟ್ಟೆ. ಅದರ ಮುಂದೆ ತಲೆಯ ಸೆರಗನ್ನು ಸರಿಪಡಿಸಿಕೊಂಡು ನಿಂತ ಮನೆಯೊಡತಿ. ಬದಿಯಲ್ಲಿ ಉಸುಕಿನ ಗುಡ್ಡೆ. ಅಕ್ಷಾಂಶ ರೇಖಾಂಶಗಳಂತೂ ದಶಮಾಂಶ ಸಹಿತ. ಇಷ್ಟೆಲ್ಲ ಕಾಣುವ ಚಿತ್ರದಲ್ಲಿ ಕಾಣದಿರುವುದು ಪಾಯವೊಂದೇ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಕರಿಮಣ್ಣಿನಲ್ಲಿ ಅಗೆತ ಎಷ್ಟು ಆಳಕ್ಕೆ ಇಳಿಯಿತು, ಗಟ್ಟಿನೆಲ ಸಿಕ್ಕಿತೆ, ಸಿಗದಿದ್ದಲ್ಲಿ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿದರೆ ಎಂಬ ಪ್ರಶ್ನೆಗಳೇ ಗೋಡೆಯ ಆಯುಷ್ಯವನ್ನು ನಿರ್ಣಯಿಸತಕ್ಕವು. ಪರಿಶೀಲಕರು ಬರುವ ವೇಳೆಗೆ ಅವುಗಳ ಉತ್ತರವೆಲ್ಲ ಮಣ್ಣಿನಡಿ ಹೂತುಹೋಗಿರುತ್ತದೆ. ಕಟ್ಟೆ ಮೇಲೇಳದೆ ಚಿತ್ರವಿಲ್ಲ, ಚಿತ್ರವಿಲ್ಲದೆ ಕಂತಿಲ್ಲ. ಆದಕಾರಣ ಪಾಯ ತೋಡಿದ ದಿನ ಯಾರನ್ನಾದರೂ ಕರೆಯಬೇಕೆಂದು ಮನೆಯವರಿಗೆ ತೋಚುವುದೂ ಇಲ್ಲ. ಛಾವಣಿಯ ಹಂತದಲ್ಲಿಯೂ ಇದೇ ಕಥೆ: ಸ್ಲ್ಯಾಬ್ ಹಾಕಿದ ಬಳಿಕ ತೆಗೆದ ಚಿತ್ರ ಒಳಗಿನ ಸರಳುಗಳ ಅಂತರವನ್ನು ಹೇಳಲಾರದು.

ಈ ಪದ್ಧತಿಯನ್ನು ಬೇರೊಂದು ದಿಕ್ಕಿನಿಂದ ಹಳಿಯುವವರೊಡನೆಯೂ ನನಗೆ ಸಹಮತವಿಲ್ಲ. ಸರ್ಕಾರದ ಪರೀಕ್ಷೆಯೇತಕ್ಕೆ, ಗೌಂಡಿಯ ತೂಗುಗುಂಡು ಸಾಲದೆ, ಅಜ್ಜನ ಮಾಳಿಗೆಮನೆ ಇನ್ನೂ ನಿಂತಿಲ್ಲವೆ ಎಂದು ಕೇಳುವ ಪರಂಪರಾಪ್ರಿಯರು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ಮರೆತಂತಿದೆ. ಆಳಂದದ ಗಡಿಯಾಚೆ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಸಾವಿರಾರು ಜನರನ್ನು ಕೊಂದುದು ಭೂಕಂಪವೆಂಬುದು ಅರ್ಧಸತ್ಯ. ಒಳಹೊರಗಿನ ಎರಡು ಮೈಗಳನ್ನು ಹೆಣೆಯುವ ಅಡ್ಡಗಲ್ಲುಗಳಿಲ್ಲದೆ ಕೆಸರಿನಲ್ಲಿ ಕಟ್ಟಿದ ದಪ್ಪ ಗೋಡೆಗಳು ಸೀಳಿದುವು. ಅವುಗಳ ಮೇಲೆ ಹೇರಿದ್ದ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಕುಸಿಯಿತು. ತೂಗುಗುಂಡು ಗೋಡೆ ನೆಟ್ಟಗಿದೆಯೆಂದು ಹೇಳೀತು, ಒಳಗೆ ಟೊಳ್ಳಾಗಿದೆಯೆಂದು ಹೇಳದು. ನಿಂತ ಮನೆಗಳನ್ನಷ್ಟೇ ಎಣಿಸಿ ಪರಂಪರೆಯನ್ನು ಹೊಗಳುವ ಈ ವಿಮರ್ಶಕರು ಹೆಚ್ಚಾಗಿ ಪಿಲ್ಲರಿನ ಮನೆಗಳಲ್ಲಿಯೇ ವಾಸಿಸುವರೆಂಬುದು ಬೇರೆ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು 2016ರಲ್ಲಿ ಗೊತ್ತುಪಡಿಸಿದ 1,20,000 ರೂಪಾಯಿಯಲ್ಲಿ 25 ಚದರ ಮೀಟರಿನ ಮನೆಗೆ ಆಳವಾದ ಪಾಯ ಸಾಧ್ಯವೆ ಎಂಬ ಆಕ್ಷೇಪಣೆ ಮಾತ್ರ ತೂಕವುಳ್ಳದ್ದು. ಅದಕ್ಕೆ ಪರಿಹಾರ ಮೊತ್ತವನ್ನು ಏರಿಸುವುದರಲ್ಲಿದೆ.

ಆಗಬೇಕಾದುದು ಅಲ್ಪ. ಪಾಯದ ಗುಂಡಿ ತೆರೆದಿರುವಾಗಲೇ ಅಳತೆಪಟ್ಟಿಯನ್ನು ತಳಕ್ಕಿಳಿಸಿ ಒಂದು ಚಿತ್ರ, ಕಾಂಕ್ರೀಟು ಸುರಿಯುವ ಮುನ್ನ ಸರಳುಗಳ ಮೇಲೊಂದು. ಕರೆ ಹೋದ ಎರಡು ದಿನಗಳಲ್ಲಿ ಇಂಜಿನಿಯರು ಬಾರದಿದ್ದರೆ ಮನೆಯವರೇ ತೆಗೆದ ಚಿತ್ರವನ್ನು ಒಪ್ಪತಕ್ಕದ್ದು. ಅದಕ್ಕಿಂತ ಹೆಚ್ಚು ಕಾಯುವಂತಿಲ್ಲ: ಅಫಜಲಪುರದ ಭೀಮಾತೀರದಲ್ಲಿ ಒಂದು ಮಳೆ ಬಿದ್ದರೆ ಎರೆಯ ಗುಂಡಿ ಕುಸಿದು ತುಂಬುತ್ತದೆ, ಗೌಂಡಿಯೂ ಮುಂದಿನೂರಿನ ಕೆಲಸ ಹಿಡಿಯುತ್ತಾನೆ.